ಲಂಕಾಷೈರಿನ ‘ಟೆಂಟರ್’ ಮಕ್ಕಳು: ಬೆಳಿಗ್ಗೆ ಮಗ್ಗ, ಮಧ್ಯಾಹ್ನ ಶಾಲೆಯ ಬೆಂಚು

ಹಳೇಕಾಗದ:
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಲಂಕಾಷೈರ್ ಪ್ರಾಂತ್ಯದ ಬರ್ನ್ಲಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಕಲ್ಲಿನ ಮನೆಗಳ ಸಾಲು, ಎಲ್ಲ ಹಳೇ ಗಿರಣಿ ಕೆಲಸಗಾರರಿಗಾಗಿ ಕಟ್ಟಿದ್ದು. ಈ ಬೀದಿಯಲ್ಲಿ ಮೊದಲು ಯಾರಿದ್ದರು ಅನ್ನೋ ಕುತೂಹಲಕ್ಕೆ 1891ರ ಜನಗಣತಿ ಹಾಳೆ ತೆಗೆದು ನೋಡಿದೆ. ಒಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ‘ಕಾಟನ್ ವೀವರ್’. ಏಳು ವರ್ಷದ ಮಗ ‘ಸ್ಕಾಲರ್’, ಅಂದರೆ ಶಾಲೆಗೆ ಹೋಗುವವನು. ಹತ್ತು ವರ್ಷದ ಮಗಳ ಮುಂದೆ ಮಾತ್ರ ‘ಟೆಂಟರ್, ಹಾಫ್ ಟೈಮ್’ ಅಂತಿದೆ. ನಿಘಂಟು ತೆರೆದರೆ ಟೆಂಟರ್ ಅಂದರೆ ನೇಯ್ದ ಬಟ್ಟೆಯನ್ನು ಎಳೆದು ಕಟ್ಟಿ ಒಣಗಿಸುವ ಚೌಕಟ್ಟು ಅನ್ನುತ್ತೆ. ಹತ್ತು ವರ್ಷದ ಹುಡುಗಿ ಚೌಕಟ್ಟು ಹೇಗಾಗ್ತಾಳೆ ಮಾರಾಯ್ರೆ?

ಇನ್ನೊಂದು. ಇಲ್ಲಿನ ಹಳೇ ಶಾಲೆಯ ಸಾಮಾನು ಇಟ್ಟಿರುವ ಕಡೆ, ಬೆನ್ನಿಗೆ ಆಸರೆಯೇ ಇಲ್ಲದ ಉದ್ದನೆ ಬೆಂಚಿನ ಮೇಲೆ ‘ಫಾರ್ಮ್’ ಅಂತ ಚೀಟಿ ಅಂಟಿಸಿದ್ದಾರೆ. ಆ ಹುಡುಗಿ ಕೂತಿದ್ದು ಇಂಥದರ ಮೇಲೇನಾ? ಗೊತ್ತಿದ್ದವರು ಹೇಳಿ.

ಪದಸಂಚಿ:
ಬರೆಯೋಕೆ ಎರಡೂ ಒಂದೇ, ಹುಟ್ಟಿದ ಮನೆ ಬೇರೆ. ನಿಘಂಟು ಹೇಳೋ ಟೆಂಟರ್ ಉಣ್ಣೆ ಬಟ್ಟೆಯವರದು. ಉಣ್ಣೆ ಬಟ್ಟೆಯನ್ನು ನೀರಲ್ಲಿ ತುಳಿದು ಬಡಿದು ಗಟ್ಟಿ ಮಾಡಿದ ಮೇಲೆ ಅದು ಕುಗ್ಗುತ್ತೆ. ಬಯಲಲ್ಲಿ ಉದ್ದಕ್ಕೆ ನೆಟ್ಟ ಮರದ ಚೌಕಟ್ಟಿಗೆ ಅಂಚು ಸಿಕ್ಕಿಸಿ, ಬಿಗಿಯಾಗಿ ಎಳೆದು ಒಣಗಿಸ್ತಿದ್ದರು. ಸಿಕ್ಕಿಸೋಕೆ ಎಲ್ ಆಕಾರದ ಮೊಳೆ. ಇಂಗ್ಲಿಷಿನವರು ಆತಂಕದಲ್ಲಿ ಒದ್ದಾಡೋದನ್ನ ‘ಆನ್ ಟೆಂಟರ್‌ಹುಕ್ಸ್’ ಅನ್ನೋದು ಆ ಮೊಳೆಯಿಂದ ಬಂದದ್ದು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಹತ್ತಿರ ಟೆಂಟರ್ ಗ್ರೌಂಡ್ ಅನ್ನೋ ಬೀದಿ ಈಗಲೂ ಇದೆ. ನಾರ್ಥಂಬರ್‌ಲ್ಯಾಂಡಿನ ಆಟರ್‌ಬರ್ನ್ ಗಿರಣಿಯಲ್ಲಿ ಆ ಚೌಕಟ್ಟನ್ನೇ ಉಳಿಸಿಕೊಂಡಿದ್ದಾರೆ. (ಕೆಂಟಿನ ಟೆಂಟರ್‌ಡನ್ ಊರನ್ನ ಇದಕ್ಕೆ ಗಂಟು ಹಾಕಬೇಡಿ, ಅದರ ಹೆಸರು ಥ್ಯಾನೆಟ್ ಕಡೆಯವರಿಂದ ಬಂದದ್ದು.)

ನಿಮ್ಮ ಹುಡುಗಿ ಆ ಗುಂಪಲ್ಲ. ಲಂಕಾಷೈರಿನ ಆಡುಮಾತಲ್ಲಿ ‘ಟೆಂಟ್’ ಅಂದರೆ ನೋಡಿಕೊಳ್ಳೋದು, ನಿಗಾ ಇಡೋದು. ಟೆಂಟರ್ ಅಂದರೆ ಮಗ್ಗ ನೋಡಿಕೊಳ್ಳೋಕೆ ನೇಕಾರರ ಕೈಕೆಳಗೆ ನಿಂತ ಮಗು. ಹತ್ತಿ ಹಿಂಜುವ ವಿಭಾಗದಲ್ಲಿ ಕಾರ್ಡ್ ಟೆಂಟರ್, ಬ್ಯಾಕ್ ಟೆಂಟರ್ ಅಂತ ದೊಡ್ಡವರೂ ಇರ್ತಿದ್ದರು. ಆದರೆ ನೇಕಾರರ ಮನೆಯಲ್ಲಿ ಹತ್ತು ವರ್ಷದವಳು ಅಂದ ಮೇಲೆ ಅನುಮಾನವೇ ಇಲ್ಲ.

ರಬಕವಿ_ಕಂಡಿಕೆ:
ಹಳೇಕಾಗದ ಅವರ, ಇದನ್ನ ನಮ್ಮ ಕಡೆಯವರಿಗೆ ಕೇಳಿದ್ರ ನಿಘಂಟೇ ಬೇಕಾಗಿದ್ದಿಲ್ಲ. ಮಗ್ಗ ಇದ್ದ ಮನ್ಯಾಗ ಹುಡುಗೂರು ಸುಮ್ಮ ಕುಂಡ್ರಂಗಿಲ್ಲರೀ. ಕಂಡಿಕಿಗೆ ನೂಲು ಸುತ್ತೂದು, ಹರದ ಎಳಿ ಹುಡುಕಿ ಕೊಡೂದು, ಮಗ್ಗದ ಬುಡಕಿನ ಹತ್ತಿ ಬಳಿಯೂದು, ಎಲ್ಲಾ ಅವರ ಪಾಲಿಗೇ. ಆದ್ರ ನನ್ನ ಪ್ರಶ್ನಿ ಬ್ಯಾರೆ ಐತಿ. ನಮ್ಮಲ್ಲಿ ಮಗ್ಗ ಮನ್ಯಾಗ, ಹುಡುಗೂರೂ ಮನ್ಯಾಗ. ಅಲ್ಲಿ ಮಗ್ಗ ಗಿರಣಿ ಮಾಲಕರದು. ಹಂಗಾದ್ರ ಈ ಹುಡುಗೀಗೆ ಪಗಾರ ಯಾರು ಕೊಡತಿದ್ರು? ಸಾಹೇಬನೋ, ಅವ್ವನೋ?

ಹೊಕ್ಕುನೂಲು:
ಕಂಡಿಕೆಯವರೇ, ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಪಗಾರ ಕೊಡ್ತಿದ್ದದ್ದು ನೇಕಾರರು, ಗಿರಣಿ ಅಲ್ಲ. ಇದೇ ಇಡೀ ಕತೆಯ ಕೀಲಿ.

ಲಂಕಾಷೈರಿನ ಉಗಿ ಮಗ್ಗದ ಷೆಡ್ಡಿನಲ್ಲಿ ಒಬ್ಬ ನೇಕಾರನಿಗೆ ಅಥವಾ ನೇಕಾರಳಿಗೆ ಸಾಮಾನ್ಯವಾಗಿ ನಾಲ್ಕು ಮಗ್ಗ. ಕೈಕೆಳಗೆ ಒಬ್ಬ ಟೆಂಟರ್ ಇದ್ದರೆ ಆರು ಮಗ್ಗ ಕೊಡ್ತಿದ್ದರು. ಕೂಲಿ ದಿನದ ಲೆಕ್ಕ ಅಲ್ಲ, ನೇಯ್ದ ತಾನಿನ (ಅಂದರೆ ಬಟ್ಟೆಯ ಉದ್ದ ತುಂಡಿನ) ಲೆಕ್ಕ. ಎರಡು ಮಗ್ಗ ಹೆಚ್ಚಾದರೆ ಅದರ ದುಡ್ಡು ಕೈಗೆ. ಅದರಲ್ಲಿ ವಾರಕ್ಕೆ ಎರಡು, ಎರಡೂವರೆ ಷಿಲಿಂಗ್ ಟೆಂಟರಿಗೆ. ಟೆಂಟರ್ ಸ್ವಂತ ಮಗಳೇ ಆಗಿದ್ದರೆ ಆ ದುಡ್ಡೂ ಮನೆಯೊಳಗೇ. ಸಾಹೇಬರು ಮಗುವನ್ನ ಕೆಲಸಕ್ಕಿಟ್ಟುಕೊಂಡರು ಅಂತ ಓದುವಾಗ ಅನ್ನಿಸುತ್ತೆ, ಆದರೆ ಷೆಡ್ಡಿನ ಲೆಕ್ಕದ ಪುಸ್ತಕ ಹಾಗೆ ಹೇಳೋದಿಲ್ಲ. ಸಾಹೇಬನಿಗೆ ಅದರಿಂದ ಅನುಕೂಲ ಆಗಿದ್ದು ನಿಜ, ಮಗುವಿನ ಕೂಲಿ ತನ್ನ ಕೈಯಿಂದ ಹೋಗ್ತಿರಲಿಲ್ಲ.

ಕೆಲಸ ಏನು ಅಂದರೆ: ಗೋದಾಮಿನಿಂದ ಹೊಕ್ಕಿನ (ಬಟ್ಟೆಗೆ ಅಡ್ಡಲಾಗಿ ಹೋಗುವ) ನೂಲಿನ ಡಬ್ಬಿ ಹೊತ್ತು ತರಬೇಕು. ಆ ನೂಲನ್ನ ಆಚೀಚೆ ಒಯ್ಯುವ ಲಾಳಿಯೊಳಗೆ ನೂಲು ಮುಗಿದ ತಕ್ಷಣ ಬೇರೆ ಲಾಳಿ ತುಂಬಿ ಇಡಬೇಕು. ಇದರಲ್ಲೊಂದು ಅಸಹ್ಯದ ಕೆಲಸ ಇತ್ತು. ಲಾಳಿಯ ಪಕ್ಕದಲ್ಲಿ ಪಿಂಗಾಣಿ ಬಳೆ ಕೂರಿಸಿದ ಸಣ್ಣ ತೂತು. ಒಳಗಿನ ನೂಲಿನ ತುದಿ ಆ ತೂತಿಂದ ಹೊರಗೆ ಬರಬೇಕು. ಕೈಯಲ್ಲಿ ಪೋಣಿಸುತ್ತಾ ಕೂತರೆ ಮಗ್ಗ ನಿಲ್ಲುತ್ತೆ. ತೂತಿಗೆ ಬಾಯಿ ಹಚ್ಚಿ ಜೋರಾಗಿ ಉಸಿರೆಳೆದರೆ ನೂಲು ಬಾಯಿಗೇ ಬರುತ್ತೆ, ಜೊತೆಗೆ ಹತ್ತಿಯ ದೂಳು, ಗಂಜಿಯ ಹುಡಿ, ಹಿಂದೆ ಬಾಯಿ ಹಚ್ಚಿದವರ ಎಂಜಲು. ‘ಲಾಳಿಗೆ ಮುತ್ತು’ ಅಂತ ಅದಕ್ಕೆ ಹೆಸರು. ದಿನಕ್ಕೆ ನೂರಾರು ಸಲ. ಆ ನೇಕಾರರ ಮುಂದಿನ ಹಲ್ಲು ಬೇಗ ಹಾಳಾಗ್ತಿದ್ದವು. ಮೆಸಾಚುಸೆಟ್ಸ್ ರಾಜ್ಯ 1911ರಲ್ಲೇ ಇದನ್ನ ನಿಷೇಧಿಸ್ತು. ಲಂಕಾಷೈರಿಗೆ ಅಷ್ಟು ಅವಸರ ಇರಲಿಲ್ಲ.

ಇನ್ನು ಮಗ್ಗದ ಕೆಳಗೆ ತೂರಿ ಗುಡಿಸೋದು, ಎಣ್ಣೆ ಒರೆಸೋದು, ನೇಯ್ದ ತಾನನ್ನ ಮಗ್ಗದಿಂದ ಇಳಿಸಿದಾಗ ಹೊತ್ತೊಯ್ಯೋದು. ಹಾಸಿನ (ಮಗ್ಗಕ್ಕೆ ಉದ್ದಕ್ಕೆ ಬಿಗಿದ) ಎಳೆ ಹರಿದರೆ ನೇಕಾರರ ಗಂಟು ಹಾಕಿ ಕೂಡಿಸೋದನ್ನ ಮಾಡ್ತಾ ಮಾಡ್ತಾನೇ ಕಲಿಯಬೇಕು.

ಪದಸಂಚಿ:
ನಿಮ್ಮ ಊರಲ್ಲೇ ಇದೆಯಲ್ಲ ಹಳೇಕಾಗದ ಅವರೇ, ಕ್ವೀನ್ ಸ್ಟ್ರೀಟ್ ಗಿರಣಿ. 1895ರಲ್ಲಿ ಶುರುವಾದದ್ದು, ಈಗ ಮ್ಯೂಸಿಯಂ. ಉಗಿ ಎಂಜಿನ್ನಿಗೆ ‘ಪೀಸ್’ (ಶಾಂತಿ) ಅಂತ ಹೆಸರು. ಮುನ್ನೂರಕ್ಕೂ ಹೆಚ್ಚು ಮಗ್ಗ ಇರುವ ಷೆಡ್ಡು. ಅಲ್ಲಿ ಕೆಲವನ್ನ ಮಾತ್ರ ಓಡಿಸಿ ತೋರಿಸ್ತಾರೆ, ಅಷ್ಟಕ್ಕೇ ಪಕ್ಕದವರ ಮಾತು ಕೇಳಲ್ಲ. ಎಲ್ಲವೂ ಓಡುವಾಗ ಹೇಗಿರಬಹುದು! ಅದಕ್ಕೇ ನೇಕಾರರು ತುಟಿ ನೋಡಿಯೇ ಮಾತಾಡ್ತಿದ್ದರು, ‘ಮೀ-ಮಾಯಿಂಗ್’ ಅಂತ ಅದಕ್ಕೆ. ಟೆಂಟರ್ ಮಕ್ಕಳಿಗೆ ಮೊದಲ ಪಾಠವೇ ಅದು.

ಹಳೇಕಾಗದ:
ಗಿರಣಿ ನೋಡಿ ಬಂದಿದ್ದೇನೆ. ಮಗ್ಗದ ಕೆಳಗಿನ ಜಾಗ ನೋಡಿದರೆ ದೊಡ್ಡವರು ತೂರೋದು ಕಷ್ಟ, ಮಕ್ಕಳನ್ನ ಯಾಕೆ ಇಟ್ಟರು ಅನ್ನೋದು ಅಲ್ಲೇ ಗೊತ್ತಾಗುತ್ತೆ. ಎರಡು ಮಗ್ಗದ ನಡುವೆ ಒಬ್ಬರು ನಿಲ್ಲುವಷ್ಟೇ ದಾರಿ, ಮೇಲೆ ಬೆಲ್ಟು ತಿರುಗುತ್ತಿರುತ್ತೆ. ಹಾಫ್ ಟೈಮ್ ಅಂದರೆ ಅರ್ಧ ದಿನ ಅಂತ ಅರ್ಥ ಆಯ್ತು. ಉಳಿದರ್ಧ?

ಕಾಯ್ದೆಕಟ್ಟಳೆ:
ಉಳಿದರ್ಧ ಶಾಲೆ. ಕಾನೂನೇ ಹಾಗಿತ್ತು. ಸ್ವಲ್ಪ ಉದ್ದ ಬರೀತೀನಿ, ಕ್ಷಮೆ ಇರಲಿ.

1833ರ ಫ್ಯಾಕ್ಟರಿ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ ಒಂಬತ್ತು ವರ್ಷದ ಕೆಳಗಿನವರನ್ನ ಬೇಡ ಅಂತು (ರೇಷ್ಮೆ ಗಿರಣಿಗೆ ವಿನಾಯಿತಿ ಕೊಟ್ಟು). ಒಂಬತ್ತರಿಂದ ಹದಿಮೂರರವರೆಗೆ ದಿನಕ್ಕೆ ಒಂಬತ್ತು ಗಂಟೆ ಕೆಲಸ, ಜೊತೆಗೆ ಎರಡು ಗಂಟೆ ಶಾಲೆ. ಇಡೀ ದೇಶಕ್ಕೆ ನಾಲ್ಕೇ ಇನ್‌ಸ್ಪೆಕ್ಟರುಗಳು. ಅವರಲ್ಲೊಬ್ಬ ಲೆನರ್ಡ್ ಹಾರ್ನರ್. ಶಾಲೆಗೆ ಹೋದದ್ದಕ್ಕೆ ಮಗು ಸರ್ಟಿಫಿಕೇಟ್ ತರಬೇಕಿತ್ತು. ಕೆಲವು ಸರ್ಟಿಫಿಕೇಟಿನ ಮೇಲೆ ಸಹಿ ಜಾಗದಲ್ಲಿ ಬರೀ ಗುಣಾಕಾರದ ಗುರುತು, ಯಾಕಂದ್ರೆ ಮೇಷ್ಟ್ರಿಗೇ ಹೆಸರು ಬರೆಯೋಕೆ ಬರ್ತಿರಲಿಲ್ಲ! ಇನ್‌ಸ್ಪೆಕ್ಟರುಗಳ ವರದಿಯಿಂದ ಇದನ್ನ ಎತ್ತಿ ಮಾರ್ಕ್ಸ್ ‘ಕ್ಯಾಪಿಟಲ್’ನಲ್ಲಿ ಹಾಕಿದ.

ನಿಜವಾದ ಅರ್ಧ ದಿನದ ಪದ್ಧತಿ 1844ರ ಕಾಯ್ದೆಯಿಂದ. ದಿನಕ್ಕೆ ಆರೂವರೆ ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ಮೂರು ಗಂಟೆ ಶಾಲೆ ಕಡ್ಡಾಯ. ಕೇಳೋಕೆ ಚೆನ್ನಾಗಿದೆ. ಆದರೆ ಅದೇ ಕಾಯ್ದೆ ಕೆಲಸಕ್ಕೆ ಸೇರುವ ವಯಸ್ಸನ್ನ ಒಂಬತ್ತರಿಂದ ಎಂಟಕ್ಕೆ ಇಳಿಸ್ತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡರು. ಆಮೇಲೆ 1874ರ ಕಾಯ್ದೆ ಹತ್ತಕ್ಕೆ ಏರಿಸ್ತು, 1891ರದು ಹನ್ನೊಂದಕ್ಕೆ, 1899ರದು ಹನ್ನೆರಡಕ್ಕೆ. ಹಾಗಾಗಿ 1891ರ ಜನಗಣತಿಯಲ್ಲಿ ಹತ್ತು ವರ್ಷದವಳು ಹಾಫ್ ಟೈಮ್ ಅಂದರೆ ಪೂರ್ತಿ ಕಾನೂನುಬದ್ಧ.

ದಿನಚರಿ ಹೀಗೆ: ಒಂದು ವಾರ ಬೆಳಿಗ್ಗೆ ಆರರಿಂದ ಹನ್ನೆರಡೂವರೆ ತನಕ ಗಿರಣಿ, ಊಟ ಮಾಡಿ ಶಾಲೆ. ಮುಂದಿನ ವಾರ ಅದಲು ಬದಲು. ಬೆಳಗಾಗೋ ಮುಂಚೆ ಉದ್ದ ಕೋಲಿಂದ ಮಹಡಿ ಕಿಟಕಿ ಬಡಿದು ಎಬ್ಬಿಸುವವನು ಬರ್ತಿದ್ದ. ಬೀದಿ ತುಂಬ ಮರದ ಅಟ್ಟೆಯ ಕ್ಲಾಗ್ ಚಪ್ಪಲಿ ಸದ್ದು. ಆರೂವರೆ ಗಂಟೆ ಆ ಗದ್ದಲದಲ್ಲಿ, ಆ ಹಬೆಯಲ್ಲಿ (ನೂಲು ಹರಿಯದಿರಲಿ ಅಂತ ಷೆಡ್ಡಿಗೆ ಬೇಕೆಂದೇ ಹಬೆ ಬಿಡ್ತಿದ್ದರು, ಅದಕ್ಕೆ ಮಿತಿ ಹಾಕೋಕೆ 1889ರಲ್ಲಿ ಬೇರೆಯದೇ ಕಾಯ್ದೆ ಬೇಕಾಯ್ತು) ನಿಂತ ಮಗು ಮಧ್ಯಾಹ್ನ ಎರಡಕ್ಕೆ ಬೆಂಚಿನ ಮೇಲೆ ಏನು ಕಲೀಬೇಕು? ನಿದ್ದೆ. ಮೇಷ್ಟ್ರುಗಳೆಲ್ಲ ಅದನ್ನೇ ಹೇಳ್ತಿದ್ದರು.

ಮೂರನೇಬೆಂಚು:
ಬೆಂಚಿನ ವಿಷಯ ನನಗೆ ಬಿಡಿ. ನಿವೃತ್ತ ಮೇಷ್ಟ್ರು ನಾನು.

‘ಫಾರ್ಮ್’ ಅಂದರೆ ನೀವು ನೋಡಿದ್ದೇ: ಆಸರೆ ಇಲ್ಲದ ಉದ್ದ ಹಲಗೆ, ಎರಡು ಕಡೆ ಕಾಲು. ಇಂಗ್ಲೆಂಡಿನಲ್ಲಿ ತರಗತಿಗೂ ಫಾರ್ಮ್ ಅನ್ನೋ ಹೆಸರಿದೆ, ಸಿಕ್ಸ್ತ್ ಫಾರ್ಮ್ ಅಂತ ಈಗಲೂ ಇದೆ. ಒಂದೇ ಬೆಂಚಿನ ಮೇಲೆ ಕೂತವರೇ ಒಂದು ತರಗತಿ ಅನ್ನೋದರಿಂದ ಬಂತು ಅಂತ ಹೇಳುವವರಿದ್ದಾರೆ.

ಬಡಮಕ್ಕಳ ಶಾಲೆಗೆ ಇದನ್ನ ಸಾಲು ಸಾಲಾಗಿ ತಂದವನು ಜೋಸೆಫ್ ಲಂಕಾಸ್ಟರ್. 1798ರಲ್ಲಿ ಲಂಡನ್ನಿನ ಬರೋ ರೋಡಿನಲ್ಲಿ ಶಾಲೆ ತೆಗೆದ. ದೊಡ್ಡ ಒಂದೇ ಹಾಲು, ನೂರಾರು ಮಕ್ಕಳು, ಒಬ್ಬನೇ ಮೇಷ್ಟ್ರು. ಕಲಿತ ಹುಡುಗ ಕಲಿಯದವನಿಗೆ ಹೇಳಿಕೊಡಬೇಕು, ಅವನೇ ಮಾನಿಟರ್. ಅದೇ ಕಾಲದಲ್ಲಿ ಅವನಿಗೆ ಪೈಪೋಟಿಗೆ ನಿಂತವನು ಆಂಡ್ರ್ಯೂ ಬೆಲ್. ಬೆಲ್ ಇದನ್ನ ಕಲಿತದ್ದು ನಮ್ಮ ಮದ್ರಾಸಿನಲ್ಲಿ. ಎಗ್ಮೋರಿನ ಅನಾಥ ಹುಡುಗರ ಶಾಲೆ ನೋಡಿಕೊಳ್ತಿದ್ದಾಗ, ದೇಸಿ ಶಾಲೆಯ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದೋದನ್ನ ಕಂಡ. 1797ರಲ್ಲಿ ಪುಸ್ತಕ ಬರೆದ, ಅದಕ್ಕೆ ‘ಮದ್ರಾಸ್ ಪದ್ಧತಿ’ ಅನ್ನೋ ಹೆಸರೇ ಬಿತ್ತು. ಲಂಕಾಸ್ಟರನ ಶಾಲೆಯಲ್ಲೂ ಮುಂದಿನ ಸಾಲಿನ ಚಿಕ್ಕವರಿಗೆ ಮರಳು ಹರಡಿದ ಮೇಜು. ನಮ್ಮ ಕೂಲಿಮಠದ ಮರಳು ಲಂಡನ್ನಿಗೆ ಹೋಗಿ ಮರದ ಚೌಕಟ್ಟು ಕಟ್ಟಿಸಿಕೊಂಡಿತು ಅನ್ನಿ. ಅಯ್ಯನವರ ಬೆತ್ತವೂ ಜೊತೆಗೆ ಹೋಗಿದ್ದರೆ ಆಶ್ಚರ್ಯ ಇಲ್ಲ, ಆದರೆ ಲಂಕಾಸ್ಟರ್ ಹೊಡೆತದ ವಿರೋಧಿ. ಅದರ ಬದಲು ತಪ್ಪು ಮಾಡಿದ ಹುಡುಗನ ಕುತ್ತಿಗೆಗೆ ಮರದ ತುಂಡು ಕಟ್ಟಿಸ್ತಿದ್ದ, ಬುಟ್ಟಿಯಲ್ಲಿ ಕೂರಿಸಿ ಮೇಲಕ್ಕೆ ಎಳೆಸ್ತಿದ್ದ. ಯಾವುದು ವಾಸಿ ನೀವೇ ಹೇಳಿ.

ಹಳೇಕಾಗದ ಅವರ ಹುಡುಗಿಯ ಕಾಲಕ್ಕೆ ಹೊಸ ಶಾಲೆಗಳಲ್ಲಿ ಇಬ್ಬರು ಕೂರುವ, ಬೀಡುಕಬ್ಬಿಣದ ಕಾಲಿನ, ಮಸಿಕುಡಿಕೆಗೆ ತೂತು ಕೊರೆದ ಡೆಸ್ಕು ಬಂದಿತ್ತು. ಲಂಡನ್ ಸ್ಕೂಲ್ ಬೋರ್ಡಿನ ವಾಸ್ತುಶಿಲ್ಪಿ ಇ.ಆರ್. ರಾಬ್ಸನ್ 1874ರ ಪುಸ್ತಕದಲ್ಲೇ ಅಂಥ ಡೆಸ್ಕಿನ ಪರವಾಗಿ ಬರೆದಿದ್ದ: ಎಲ್ಲರನ್ನೂ ಎಬ್ಬಿಸದೆ ಮೇಷ್ಟ್ರು ಪ್ರತಿ ಮಗುವಿನ ಹತ್ತಿರ ಹೋಗಬಹುದು ಅನ್ನೋದು ಅದರ ಲಾಭ. ಆದರೆ ಹಳೇ ಶಾಲೆಗಳಲ್ಲಿ ಫಾರ್ಮೇ ಉಳಿದಿತ್ತು. ಬೆಳಿಗ್ಗೆಯಿಂದ ನಿಂತು ಬಂದ ಮಗುವಿಗೆ ಬೆನ್ನು ಒರಗಿಸೋಕೂ ಏನೂ ಇಲ್ಲ. ಅಂಥದರ ಮೇಲೆ ನಿದ್ದೆ ಬಂದರೆ ಮಗು ಮುಂದಕ್ಕೇ ಬೀಳೋದು.

ಮೇಷ್ಟ್ರ ಕಡೆಯದನ್ನೂ ಹೇಳ್ತೀನಿ. 1862ರಿಂದ ಬಂದ ನಿಯಮ: ಇನ್‌ಸ್ಪೆಕ್ಟರ್ ಬಂದು ಓದು, ಬರಹ, ಲೆಕ್ಕದಲ್ಲಿ ಮಕ್ಕಳನ್ನ ಪರೀಕ್ಷೆ ಮಾಡ್ತಾನೆ, ಪಾಸಾದ ತಲೆ ಲೆಕ್ಕದಲ್ಲಿ ಅನುದಾನ. ಅರ್ಧ ದಿನ ತೂಕಡಿಸೋ ಮಗು ನಪಾಸಾದರೆ ಶಾಲೆಯ ದುಡ್ಡಿಗೆ ಕತ್ತರಿ. ಆ ಮಕ್ಕಳ ಮೇಲೆ ಸಿಡುಕದ ಮೇಷ್ಟ್ರು ದೇವರಂಥವನೇ ಇರಬೇಕು.

ರಬಕವಿ_ಕಂಡಿಕೆ:
ಮೇಷ್ಟ್ರ ಬರೆದದ್ದು ಓದಿ ನಗೂನೂ ಬಂತು, ಸಿಟ್ಟೂ ಬಂತು. ಒಂದು ಕೇಳತೀನಿ. ಇಷ್ಟೆಲ್ಲಾ ಕೆಟ್ಟದ್ದು ಅಂತ ಗೊತ್ತಿದ್ದೂ ಎಷ್ಟು ವರ್ಷ ನಡೀತು ಇದು? ಯಾರೂ ಬ್ಯಾಡ ಅನ್ನಲಿಲ್ಲೇನು?

ಕಾಯ್ದೆಕಟ್ಟಳೆ:
1918ರ ಶಿಕ್ಷಣ ಕಾಯ್ದೆ ಅರ್ಧ ದಿನದ ಪದ್ಧತಿಯನ್ನ ತೆಗೆದುಹಾಕಿತು, ಜಾರಿಗೆ ಬಂದದ್ದು 1921ರಲ್ಲಿ. ಅಂದರೆ 1844ರಿಂದ ಮುಕ್ಕಾಲು ಶತಮಾನ.

ಬೇಡ ಅಂದವರು ಬೇಕಾದಷ್ಟು ಜನ. 1890ರಲ್ಲಿ ಬರ್ಲಿನ್ನಿನಲ್ಲಿ ಕಾರ್ಮಿಕ ಸಮ್ಮೇಳನ ಆಯ್ತು, ಹನ್ನೆರಡು ವರ್ಷ ಆಗದ ಮಕ್ಕಳು ಕಾರ್ಖಾನೆಗೆ ಬೇಡ ಅಂತ ಅಲ್ಲಿ ಶಿಫಾರಸು. ಬ್ರಿಟನ್ನಿನವರೂ ಕೂತಿದ್ದರು. ಮುಂದಿನ ವರ್ಷ ಊರಿಗೆ ಬಂದು ಹನ್ನೊಂದು ಮಾಡಿದರು. ಪೂರ್ತಿ ಬೇಡ ಅನ್ನೋಕೆ ಅಡ್ಡ ಬಂದವರಲ್ಲಿ ಗಿರಣಿ ಮಾಲೀಕರಷ್ಟೇ ಇರಲಿಲ್ಲ. 1909ರಲ್ಲಿ ಹತ್ತಿ ಕಾರ್ಮಿಕರ ಸಂಘಗಳು ತಮ್ಮ ಸದಸ್ಯರಲ್ಲೇ ಮತ ಕೇಳಿದವು, ವಯಸ್ಸು ಹದಿಮೂರಕ್ಕೆ ಏರಿಸೋಣವೇ ಅಂತ. ಬೇಡ ಅಂದವರದು ಭಾರೀ ಬಹುಮತ.

ಅರಿವು_ಮನೆ:
ಇದನ್ನ ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತೆ. ಮಾಲೀಕರದು ಲಾಭದ ಆಸೆ, ಒಪ್ಪೋಣ. ಹೆತ್ತವರೇ ‘ನನ್ನ ಮಗಳು ಲಾಳಿಗೆ ಬಾಯಿ ಹಚ್ಚಲಿ’ ಅಂತ ಮತ ಹಾಕೋದಾ? ಮಕ್ಕಳ ಕೂಲಿ ತಿಂದು ಬದುಕೋದು ಬಡತನ ಅಲ್ಲ, ಅಭ್ಯಾಸ. ಅಷ್ಟು ಹೊತ್ತಿಗೆ ಲಂಕಾಷೈರಿನ ನೇಕಾರರು ಇಂಗ್ಲೆಂಡಿನ ಬೇರೆ ಕೂಲಿಯವರಿಗಿಂತ ಕಳಪೆಯಾಗೇನೂ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿತಿದ್ದರು, ರಜೆಗೆ ಬ್ಲ್ಯಾಕ್‌ಪೂಲ್ ಸಮುದ್ರ ತೀರಕ್ಕೆ ಹೋಗ್ತಿದ್ದರು.

ಹೊಕ್ಕುನೂಲು:
ಅರಿವು ಮೇಡಂ, ಸಿಟ್ಟು ನ್ಯಾಯವೇ. ಆದರೆ ಅಭ್ಯಾಸ ಅಂತ ತಳ್ಳಿ ಹಾಕೋಕಾಗಲ್ಲ. ಆರು ಮಗ್ಗದ ಲೆಕ್ಕ ಮತ್ತೆ ನೋಡಿ. ಟೆಂಟರ್ ಹೋದರೆ ಹೋಗೋದು ಮಗುವಿನ ಎರಡೂವರೆ ಷಿಲಿಂಗ್ ಮಾತ್ರ ಅಲ್ಲ, ಎರಡು ಮಗ್ಗವೇ ಕೈಬಿಡುತ್ತೆ. ಅದಕ್ಕಿಂತ ದೊಡ್ಡದು ಕಸುಬಿನ ಮಾತು. ಟೆಂಟರ್ ಆಗಿ ಬೆಳೆದವರಿಗೇ ಮುಂದೆ ಸ್ವಂತ ಮಗ್ಗ ಸಿಗ್ತಿದ್ದದ್ದು. ಬೇರೆ ತರಬೇತಿ ಶಾಲೆ ಇರಲಿಲ್ಲ. ‘ಎಳೇ ಬೆರಳಿಗೇ ಗಂಟು ಕೂರೋದು, ಹದಿಮೂರಾದ ಮೇಲೆ ಬರೋಲ್ಲ’ ಅನ್ನೋದು ಆ ಕಾಲದ ನೇಕಾರರ ನಂಬಿಕೆ. ನಂಬಿಕೆ ಸುಳ್ಳು ಅಂತ 1921ರ ನಂತರ ಗೊತ್ತಾಯ್ತು, ದೊಡ್ಡವರಾಗಿ ಬಂದವರೂ ಚೆನ್ನಾಗಿಯೇ ಕಲಿತರು. ಕಾಯ್ದೆ ಬರೆದವರು ಮಕ್ಕಳನ್ನ ಶಾಲೆಗೆ ಕಳಿಸಿ ಅಂದರೇ ಹೊರತು, ತಾನಿನ ಲೆಕ್ಕದ ಕೂಲಿಗೆ ಕೈ ಹಾಕಲಿಲ್ಲ. ನನ್ನ ತಕರಾರು ಇರೋದು ಅಲ್ಲಿ.

ಅರಿವು_ಮನೆ:
ಲೆಕ್ಕ ಒಪ್ಪಿದೆ. ಮತ ಒಪ್ಪಲ್ಲ. ಲಂಕಾಷೈರಿನದೇ ಊರಾದ ಓಲ್ಡಮ್ ಕಡೆಯ ಆನಿ ಕೆನಿ ಹತ್ತನೇ ವಯಸ್ಸಿಗೆ ಅರ್ಧ ದಿನದ ಕೆಲಸಕ್ಕೆ ಸೇರಿದವಳು, ತಿರುಗುವ ಬಾಬಿನ್ನಿಗೆ ಸಿಕ್ಕಿ ಒಂದು ಬೆರಳು ಹೋಯ್ತು. 1905ರಲ್ಲಿ ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನ ಸಭೆಯಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಡ್ತೀರಾ ಅಂತ ಎದ್ದು ಕೇಳಿ ಕ್ರಿಸ್ಟಬೆಲ್ ಪ್ಯಾಂಕ್‌ಹರ್ಸ್ಟ್ ಜೊತೆ ಜೈಲಿಗೆ ಹೋದವಳು. ಜೆ.ಆರ್. ಕ್ಲೈನ್ಸ್ ಕೂಡ ಓಲ್ಡಮಿನವನೇ, ಹತ್ತಕ್ಕೇ ನೂಲಿನ ಗಿರಣಿಯಲ್ಲಿ ಹರಿದ ಎಳೆ ಕೂಡಿಸೋ ಹುಡುಗ, 1929ರಲ್ಲಿ ದೇಶದ ಗೃಹ ಮಂತ್ರಿ. ಇವರನ್ನ ತೋರಿಸಿ ‘ನೋಡಿ, ಅರ್ಧ ದಿನ ದುಡಿದೂ ಮೇಲೆ ಬಂದರು’ ಅನ್ನೋರಿಗೆ ಒಂದೇ ಮಾತು: ಆ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಉಳಿದವರ ಹೆಸರು ಹೇಳಿ.

ಕಾಯ್ದೆಕಟ್ಟಳೆ:
ಇದಕ್ಕೆ ನಮ್ಮ ದೇಶದ ಬಾಲವೂ ಇದೆ, ಅದನ್ನೂ ಹೇಳಿಬಿಡ್ತೀನಿ. ಬೊಂಬಾಯಿ ಗಿರಣಿಗಳು ಬೆಳೆಯುತ್ತಿದ್ದಂತೆ ಲಂಕಾಷೈರಿನವರಿಗೆ ಇಲ್ಲಿನ ಮಕ್ಕಳ ಮೇಲೆ ಇದ್ದಕ್ಕಿದ್ದಂತೆ ಕರುಣೆ ಉಕ್ಕಿತು. ಭಾರತದಲ್ಲೂ ಫ್ಯಾಕ್ಟರಿ ಕಾಯ್ದೆ ಬೇಕು ಅಂತ ಒತ್ತಡ ತಂದವರಲ್ಲಿ ಅವರೂ ಇದ್ದರು. 1881ರ ಕಾಯ್ದೆ ಬಂತು: ಏಳು ವರ್ಷದ ಕೆಳಗಿನವರು ಬೇಡ, ಏಳರಿಂದ ಹನ್ನೆರಡರವರಿಗೆ ದಿನಕ್ಕೆ ಒಂಬತ್ತು ಗಂಟೆ. 1891ರಲ್ಲಿ ಅದು ಒಂಬತ್ತರಿಂದ ಹದಿನಾಲ್ಕು, ಏಳು ಗಂಟೆ. 1922ರಲ್ಲಿ ಹನ್ನೆರಡರಿಂದ ಹದಿನೈದು, ಆರು ಗಂಟೆ. ಬೆಳಗಾವಿ ಜಿಲ್ಲೆ ಆಗ ಬೊಂಬಾಯಿ ಪ್ರಾಂತ್ಯ, ಹಾಗಾಗಿ 1880ರ ದಶಕದಲ್ಲಿ ಎದ್ದ ಗೋಕಾಕ್ ಗಿರಣಿಗೂ ಇದೇ ಕಾಯ್ದೆ.

ಇಲ್ಲೂ ಆ ಮಕ್ಕಳಿಗೆ ‘ಹಾಫ್ ಟೈಮರ್’ ಅಂತಲೇ ಹೆಸರು. ವ್ಯತ್ಯಾಸ ಒಂದೇ. ಲಂಕಾಷೈರಿನ ಕಾಯ್ದೆ ಉಳಿದರ್ಧಕ್ಕೆ ಶಾಲೆ ಅಂತು. ಭಾರತದ ಕಾಯ್ದೆ ಉಳಿದರ್ಧದ ಬಗ್ಗೆ ಬಾಯಿಯೇ ಬಿಡಲಿಲ್ಲ. ಬೆಳಿಗ್ಗೆ ಒಂದು ಗಿರಣಿ, ಮಧ್ಯಾಹ್ನ ಇನ್ನೊಂದು ಗಿರಣಿ ಅಂತ ಎರಡು ಕಡೆ ಮಕ್ಕಳನ್ನ ದುಡಿಸ್ತಾರೆ ಅನ್ನೋ ದೂರು ಆಮೇಲೆ ಪಶ್ಚಿಮ ಭಾರತದ ಗಿರಣಿಗಳ ಮೇಲೆ ಎದ್ದದ್ದು ಅದಕ್ಕೇ.

ರಬಕವಿ_ಕಂಡಿಕೆ:
ಅಂದ್ರ ಅವರ ಮಕ್ಕಳಿಗೆ ಬೆಂಚರ ಇತ್ತು, ನಮ್ಮವರಿಗೆ ಅದೂ ಇಲ್ಲ.

ಮೂರನೇಬೆಂಚು:
ಬೆನ್ನಿನ ಆಸರೆ ಇಲ್ಲದ್ದು, ಆದರೂ ಬೆಂಚು. ಹೌದು.

ಹಳೇಕಾಗದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಉದ್ದ ಎಳೆ ಆಗುತ್ತೆ ಅಂದುಕೊಂಡಿರಲಿಲ್ಲ. ಒಂದು ಮಾತು ಸೇರಿಸ್ತೀನಿ: ಅದೇ ಬೀದಿಯ 1901ರ ಹಾಳೆಯಲ್ಲಿ ಆ ಕುಟುಂಬ ಸಿಗಲಿಲ್ಲ, ಮನೆ ಬದಲಿಸಿರಬೇಕು. ಪಕ್ಕದ ಮನೆಯಲ್ಲಿ ಹನ್ನೆರಡು ವರ್ಷದ ಹುಡುಗನ ಮುಂದೆ ‘ರೀಚರ್-ಇನ್, ಹಾಫ್ ಟೈಮ್’ ಅಂತಿದೆ. ಇದು ಟೆಂಟರಿನ ಅಣ್ಣನೋ ತಮ್ಮನೋ?

ಹೊಕ್ಕುನೂಲು:
ಅವನು ಮಗ್ಗದ ಹತ್ತಿರವೇ ಬರೋನಲ್ಲ. ಹೊಸ ಹಾಸು ಮಗ್ಗಕ್ಕೆ ಏರೋ ಮುಂಚೆ ಸಾವಿರಾರು ಎಳೆಗಳನ್ನ ಒಂದೊಂದಾಗಿ ಹಣಿಗೆಯ (ಮಗ್ಗದ ಬಾಚಣಿಗೆಯಂಥ ಭಾಗದ) ಹಲ್ಲಿನೊಳಗೆ ಪೋಣಿಸಬೇಕು. ಪೋಣಿಸೋನು ಚೌಕಟ್ಟಿನ ಒಂದು ಕಡೆ ಕೊಕ್ಕೆ ಹಿಡಿದು ಕೂತಿರ್ತಾನೆ. ಆಚೆ ಕಡೆ ಕೂತ ಹುಡುಗ ಸರದಿ ತಪ್ಪದೆ ಒಂದೊಂದೇ ಎಳೆ ಎತ್ತಿ ಕೊಕ್ಕೆಗೆ ಕೊಡಬೇಕು. ಒಂದು ಎಳೆ ಹಿಂದುಮುಂದಾದರೆ ಇಡೀ ತಾನಿಗೆ ಗೆರೆ ಬೀಳುತ್ತೆ, ಬೈಗುಳ ಹುಡುಗನಿಗೆ.

ರಬಕವಿ_ಕಂಡಿಕೆ:
ಹಣಿಗಿ ತುಂಬೂದು ಅನ್ರಿ. ನಮ್ಮಲ್ಲೂ ಎದುರಿಗೆ ಕುಂತು ಎಳಿ ಕೊಡಾಕ ಒಬ್ಬರು ಬೇಕ ಬೇಕು, ಇವತ್ತಿಗೂ. ಆದ್ರ ಹನ್ನೆರಡು ವರ್ಷದ ಹುಡುಗ ಅಷ್ಟೊತ್ತು ಕಣ್ಣು ಪಿಳುಕಿಸದಂಗ ಕುಂಡ್ರೂದು ಅಂದ್ರ ಕಠಿಣ ಐತ್ರೀ. ಆ ಹಾಳಿಯೊಳಗ ಅವರಪ್ಪನ ಕಸಬು ಏನಂತ ಬರದಾರ, ಅದನ್ನಷ್ಟು ನೋಡಿ ಹೇಳ್ರಿ. ಅಪ್ಪನ ಹಣಿಗಿ ತುಂಬಾವ ಆಗಿದ್ರ ಹುಡುಗ ಅವನ ಕೈಕೆಳಗ ಇದ್ದಾನು.